ಹಾಡನ್ನು ತಿದ್ದಿದ ತಪ್ಪು

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ದೂರವಾಣಿಯ ಮೂಲಕ ಕೇಳಿದಾಗ, ಗೃಹಿಣಿಯಾದ ನನ್ನಿಂದ ಅವರು ನಿರೀಕ್ಷಿಸಿದ್ದುದು ಬಹುಶಃ ಬರ್ಮಿಂಗ್‌ಹ್ಯಾಮಿನಲ್ಲಿ ಯುಗಾದಿಗೆ ಬೇವು ಹುಡುಕಿದ ಕಥೆಯನ್ನೋ, ಹಿತ್ತಿಲಲ್ಲಿ ಮೆಂತ್ಯದ ಸೊಪ್ಪು ಬೆಳೆದ ಅನುಭವವನ್ನೋ ಇರಬೇಕು. ಅಂಥ ಪ್ರಬಂಧಗಳನ್ನು ನಾನು ಹಿಂದೆ ಬರೆದಿದ್ದೇನೆ. ಓದಿದವರು ಸಂತೋಷಪಟ್ಟಿದ್ದಾರೆ ಕೂಡ. ಆದರೆ ಈ ಸಲ ಬಹುಕಾಲದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಬೇರೊಂದು ವಿಷಯವನ್ನು ಸಹೃದಯರ ಮುಂದಿಡಬೇಕೆನಿಸಿದೆ. ಅದು ಲೀಡ್ಸ್ ನಗರದ ಹುಡುಗಿಯೊಬ್ಬಳು ತಾನೇ ಬರೆದು, ತಾನೇ ರಾಗ ಹಾಕಿ, ಹಾಡಿ ಹೆಸರಾದ ಸಂಗತಿ. ಅದನ್ನು ನೆಪವಾಗಿಟ್ಟುಕೊಂಡು ನಮ್ಮ ಮನೆಗಳ ಬಗ್ಗೆಯೂ ನಮ್ಮ ವೇದಿಕೆಗಳ ಬಗ್ಗೆಯೂ ಒಂದು ದೂರನ್ನು ಸಲ್ಲಿಸಲಿದ್ದೇನೆ. ಆ ದೂರಿನ ಮೊದಲ ಆಪಾದಿತಳು ನಾನೇ ಆದ್ದರಿಂದ ಯಾರೂ ಬೇಸರಿಸಬೇಕಾಗಿಲ್ಲ.

ಕೊರಿನ್ ಬೇಯ್ಲಿ ರೇ ಹುಟ್ಟಿದ್ದು 1979ರಲ್ಲಿ, ಲೀಡ್ಸ್‌ನಲ್ಲಿ. ತಂದೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ದ್ವೀಪದವರು, ತಾಯಿ ಯಾರ್ಕ್‌ಷೈರಿನವರು. ಮೂವರು ಹೆಣ್ಣುಮಕ್ಕಳಲ್ಲಿ ಈಕೆ ಹಿರಿಯಳು. ಶಾಲೆಯಲ್ಲಿ ಪಿಟೀಲು ಕಲಿತರು, ಚರ್ಚಿನಲ್ಲಿ ಹಾಡಿದರು. ಹದಿನೈದರ ಆಸುಪಾಸಿನಲ್ಲಿ ಗೆಳತಿಯರನ್ನು ಕೂಡಿಕೊಂಡು 'ಹೆಲೆನ್' ಎಂಬ ವಾದ್ಯವೃಂದವನ್ನು ಕಟ್ಟಿದರು. ಗಿಟಾರು, ತಮಟೆ, ಗದ್ದಲ ಎಲ್ಲವೂ ಇದ್ದ ಹುಡುಗಿಯರ ಗುಂಪು ಅದು. ಧ್ವನಿಮುದ್ರಣ ಸಂಸ್ಥೆಯೊಂದರ ಒಪ್ಪಂದ ಇನ್ನೇನು ಕೈಗೆ ಬಂತೆನ್ನುವಷ್ಟರಲ್ಲಿ ತಪ್ಪಿಹೋಯಿತು, ಗುಂಪು ಚದುರಿತು. ಆಕೆ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲ ಸಾಹಿತ್ಯವನ್ನು ಓದಿದರು. ಆ ದಿನಗಳಲ್ಲಿ ಖರ್ಚಿಗಾಗಿ ಒಂದು ಜಾಝ್ ಕ್ಲಬ್ಬಿನಲ್ಲಿ, ಬಂದವರ ಮೇಲಂಗಿಗಳನ್ನು ತೆಗೆದಿರಿಸಿಕೊಂಡು ಚೀಟಿ ಕೊಡುವ ಕೆಲಸ ಮಾಡುತ್ತಿದ್ದರು. ಬಿಡುವಾದಾಗ ಅಲ್ಲಿಯ ವಾದ್ಯಗಾರರ ಜೊತೆಗೆ ಹಾಡಲು ಅವರಿಗೆ ಅವಕಾಶ ಸಿಗುತ್ತಿತ್ತು. ಚಳಿಗಾಲದ ಒದ್ದೆ ಕೋಟುಗಳ ನಡುವೆ ನಿಂತ ಆ ಹುಡುಗಿಯ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಉತ್ತರ ಇಂಗ್ಲೆಂಡಿನ ನವೆಂಬರಿನಲ್ಲಿ ಒದ್ದೆ ಉಣ್ಣೆಯ ವಾಸನೆ ಎಂಥದ್ದೆಂದು ಇಲ್ಲಿ ಬದುಕಿದವರಿಗೆ ಹೇಳಬೇಕಾಗಿಲ್ಲ.

2005ರ ಕೊನೆಯಲ್ಲಿ ಅವರ ಮೊದಲ ಹಾಡು ಬಿಡುಗಡೆಯಾಯಿತು. 2006ರ ಫೆಬ್ರವರಿಯಲ್ಲಿ, ಅವರದೇ ಹೆಸರನ್ನು ಹೊತ್ತ ಮೊದಲ ಆಲ್ಬಮ್ ಬಂದಾಗ ಅದು ನೇರವಾಗಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನದಲ್ಲಿ ಕುಳಿತಿತು. ಆಗ ನನ್ನ ಮಗಳಿಗೆ ಎಂಟು ವರ್ಷ. ಆ ಬೇಸಿಗೆಯಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ, ಎಲ್ಲೆಲ್ಲಿಯೂ ಆ ಒಂದು ದನಿಯೇ. 2008ರಲ್ಲಿ ಸ್ಯಾಕ್ಸೊಫೋನ್ ವಾದಕರಾಗಿದ್ದ ಅವರ ಪತಿ ತೀರಿಕೊಂಡರು. ಸುಮಾರು ಎರಡು ವರ್ಷದ ನಂತರ ಬಂದ 'ದಿ ಸೀ' ಎಂಬ ಆಲ್ಬಮ್ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯನ್ನು ಸೇರಿತು. 2023ರಲ್ಲಿ ಬಂದ 'ಬ್ಲ್ಯಾಕ್ ರೇನ್‌ಬೋಸ್' ಮರುವರ್ಷ ಮತ್ತೆ ಆ ಪಟ್ಟಿಯಲ್ಲಿತ್ತು. ಆ 2024ರ ಪ್ರಶಸ್ತಿಯನ್ನು ಗೆದ್ದದ್ದೂ ಲೀಡ್ಸ್‌ನ ತರುಣರ ಗುಂಪೇ. ಲಿಲಿ ಫಾಂಟೇನ್ ಎಂಬ ಯುವತಿ ಹಾಡುವ ಆ ಗುಂಪಿನ ಹೆಸರು 'ಇಂಗ್ಲಿಷ್ ಟೀಚರ್'. ಹೆಸರನ್ನು ಕೇಳಿ ನಾನು ಮೊದಲು ಯಾವುದೋ ಮನೆಪಾಠದ ಜಾಹೀರಾತೆಂದು ತಿಳಿದಿದ್ದೆ.

ಇಂಥ ಗಾಯಕರನ್ನು ಇಲ್ಲಿ 'ಇಂಡಿ' ಎಂದು ಕರೆಯುತ್ತಾರೆ. ನಮ್ಮ ಪೀಳಿಗೆಯವರಿಗೆ ಈ ಮಾತು ಇಂಡಿಯಾದ ಸಂಕ್ಷಿಪ್ತ ರೂಪದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದರ ಅರ್ಥ ಸ್ವತಂತ್ರ ಎಂದು. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಮುದ್ರಿಸಿ ಜನರಿಗೆ ಮುಟ್ಟಿಸುವ ಬಗೆ. ಈ ಬಗೆಗೆ ದಾರಿ ಮಾಡಿಕೊಟ್ಟ ಊರುಗಳಲ್ಲಿ ಮ್ಯಾಂಚೆಸ್ಟರ್ ಮುಖ್ಯವಾದುದು. 1977ರ ಜನವರಿಯಲ್ಲಿ 'ಬಝ್‌ಕಾಕ್ಸ್' ಎಂಬ ಅಲ್ಲಿಯ ಹುಡುಗರು ನಾಲ್ಕು ಹಾಡುಗಳ ಒಂದು ತಟ್ಟೆಯನ್ನು ತಾವೇ ಹೊರತಂದರು. ಅದಕ್ಕೆ ತಗುಲಿದ್ದು ಸುಮಾರು 500 ಪೌಂಡು, ಅದೂ ಸಾಲ. ಆ ಸಾಲದಲ್ಲಿ ಒಂದು ಪಾಲನ್ನು ಕೊಟ್ಟವರು ಗಿಟಾರು ನುಡಿಸುತ್ತಿದ್ದ ಹುಡುಗನ ತಂದೆ. ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿಗಳನ್ನು ಮಾತ್ರ. ಅವು ಖರ್ಚಾದವು, ಮತ್ತೆ ಮತ್ತೆ ಹಾಕಿಸಬೇಕಾಯಿತು. ಆ ಹಾಡುಗಳು ನನ್ನ ಕಿವಿಗೆ ಹಿತವಲ್ಲ. ಆದರೆ ಮಗನ ಗದ್ದಲಕ್ಕೆ ಸಾಲ ಕೊಟ್ಟ ಆ ಅಪ್ಪನ ಬಗ್ಗೆ ನನಗೆ ಗೌರವವಿದೆ.

ಇನ್ನೊಬ್ಬ ತಾಯಿಯ ಕಥೆಯನ್ನು ಕೇಳಿ. ಜೋನ್ ಆರ್ಮಟ್ರೇಡಿಂಗ್ ಹುಟ್ಟಿದ್ದು 1950ರಲ್ಲಿ, ಅದೇ ಸೇಂಟ್ ಕಿಟ್ಸ್ ದ್ವೀಪದಲ್ಲಿ. ತಂದೆ ತಾಯಿ ಹೊಟ್ಟೆಪಾಡಿಗೆಂದು ಬರ್ಮಿಂಗ್‌ಹ್ಯಾಮಿಗೆ ಬಂದಾಗ ಈ ಮಗು ಆಂಟಿಗುವಾದಲ್ಲಿ ಅಜ್ಜಿಯ ಬಳಿ ಉಳಿಯಿತು. ಏಳನೆಯ ವಯಸ್ಸಿನಲ್ಲಿ ಹೆತ್ತವರನ್ನು ಸೇರಿಕೊಳ್ಳಲು ನಮ್ಮ ಊರಿಗೆ ಬಂತು. (ಬರ್ಮಿಂಗ್‌ಹ್ಯಾಮನ್ನು ನಮ್ಮ ಊರು ಎಂದು ಬರೆದದ್ದನ್ನು ಈಗ ಗಮನಿಸಿದೆ, ಹಾಗೆಯೇ ಇರಲಿ.) ತಾಯಿ ಮನೆಯ ಮುಂಗೋಣೆಗೆ ಶೋಭೆಯೆಂದು ಒಂದು ಪಿಯಾನೊ ತಂದಿಟ್ಟಿದ್ದರು, ಹುಡುಗಿ ಅದರ ಮುಂದೆ ಕುಳಿತು ತನ್ನಷ್ಟಕ್ಕೆ ರಾಗ ಕಟ್ಟತೊಡಗಿದಳು. ತಂದೆಯ ಬಳಿ ಒಂದು ಗಿಟಾರಿತ್ತು. ಮಗಳ ಕೈಗೆ ಸಿಗದಂತೆ ಅವರು ಅದನ್ನು ಬಚ್ಚಿಡುತ್ತಿದ್ದರಂತೆ. ಗಿರವಿ ಅಂಗಡಿಯೊಂದರಲ್ಲಿ ಮೂರು ಪೌಂಡಿನ ಗಿಟಾರನ್ನು ನೋಡಿ ಹುಡುಗಿ ಆಸೆಪಟ್ಟಾಗ ತಾಯಿಯ ಬಳಿ ಅಷ್ಟು ಹಣವಿರಲಿಲ್ಲ. ಮನೆಯಲ್ಲಿ ಎರಡು ಹಳೆಯ ಮಕ್ಕಳ ತಳ್ಳುಗಾಡಿಗಳಿದ್ದವು. ಅವನ್ನು ಕೊಟ್ಟು ಗಿಟಾರನ್ನು ತೆಗೆದುಕೊ ಎಂದರು ತಾಯಿ. ಹದಿನೈದಕ್ಕೆ ಶಾಲೆ ಬಿಟ್ಟು ಮನೆಗೆ ಆಸರೆಯಾಗಲು ಕೆಲಸಕ್ಕೆ ಸೇರಿದ ಜೋನ್, ಚಹಾ ವಿರಾಮದಲ್ಲಿ ಗಿಟಾರು ನುಡಿಸಿದ್ದಕ್ಕೆ ಆ ಮೊದಲ ಕೆಲಸವನ್ನೂ ಕಳೆದುಕೊಂಡರು. 1972ರಲ್ಲಿ ಅವರ ಮೊದಲ ಆಲ್ಬಮ್ ಬಂತು. 1976ರಲ್ಲಿ 'ಲವ್ ಅಂಡ್ ಅಫೆಕ್ಷನ್' ಎಂಬ ಹಾಡು ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂತು. ಹಾಡುತ್ತ, ಊರೂರು ತಿರುಗುತ್ತಲೇ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸವನ್ನು ಓದಿ 2001ರಲ್ಲಿ ಪದವಿಯನ್ನೂ ಪಡೆದರು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿದ ನನಗೆ ಇದು ಅವರ ಪ್ರಶಸ್ತಿಗಳಿಗಿಂತ ಹೆಚ್ಚಿನ ಸಂತೋಷ ಕೊಟ್ಟ ಸುದ್ದಿ.

ಸೇಂಟ್ ಕಿಟ್ಸ್ ಎಷ್ಟು ದೊಡ್ಡದು? 168 ಚದರ ಕಿಲೋಮೀಟರು. ನಮ್ಮ ನಾಡಿನ ಒಂದು ಸಾಧಾರಣ ತಾಲ್ಲೂಕು ಇದಕ್ಕಿಂತ ಹಲವು ಪಟ್ಟು ದೊಡ್ಡದಾಗಿರುತ್ತದೆ. ಅಷ್ಟು ಚಿಕ್ಕ ನೆಲದಿಂದ ಬಂದ ಕುಟುಂಬಗಳು ಬರ್ಮಿಂಗ್‌ಹ್ಯಾಮಿಗೆ ಒಬ್ಬರನ್ನು, ಲೀಡ್ಸ್‌ಗೆ ಒಬ್ಬರನ್ನು ಕೊಟ್ಟವು. ಕೆರಿಬಿಯನ್ ಮೂಲದ ಇನ್ನೊಂದು ಬರ್ಮಿಂಗ್‌ಹ್ಯಾಮ್ ಕುಟುಂಬದ ಮಗಳು ಲಾರಾ ಮ್ವೂಲಾ, ನಗರದ ಸಂಗೀತ ಮಹಾವಿದ್ಯಾಲಯದಲ್ಲಿ ಸಂಯೋಜನೆ ಕಲಿತು, ನಗರದ ಸಿಂಫನಿ ವಾದ್ಯವೃಂದದ ಕಚೇರಿಯಲ್ಲಿ ಸ್ವಾಗತಕಾರಿಣಿಯಾಗಿ ಕುಳಿತಿದ್ದ ದಿನಗಳಲ್ಲಿಯೇ ಹಾಡು ಬರೆದು, 2013ರಲ್ಲಿ ತಮ್ಮ ಮೊದಲ ಆಲ್ಬಮ್ಮಿನಿಂದ ಹೆಸರಾದರು. ಪಂಜಾಬಿ ಮನೆಗಳ ಮಕ್ಕಳೇನೂ ಹಿಂದೆ ಬಿದ್ದಿಲ್ಲ. ವುಲ್ವರ್‌ಹ್ಯಾಂಪ್ಟನ್ನಿನ ತಜಿಂದರ್ ಸಿಂಗ್ ಅವರ 'ಕಾರ್ನರ್‌ಶಾಪ್' ಗುಂಪು ಆಶಾ ಭೋಸ್ಲೆ ಅವರನ್ನು ಕೊಂಡಾಡಿ ಕಟ್ಟಿದ ಹಾಡು 1998ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಏರಿದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನ ಮಗಳು ಹುಟ್ಟಿದ್ದು ಅದೇ ವರ್ಷ. ಮೂಲೆಯಂಗಡಿಯವರೆಂದು ನಮ್ಮವರನ್ನು ಹಾಸ್ಯ ಮಾಡುತ್ತಿದ್ದ ಮಾತನ್ನೇ ಅವರು ತಮ್ಮ ಗುಂಪಿನ ಹೆಸರಾಗಿ ಇಟ್ಟುಕೊಂಡಿದ್ದರು.

ನಾವು ಕನ್ನಡಿಗರು ಈ ದೇಶಕ್ಕೆ ವೈದ್ಯರನ್ನು ಕೊಟ್ಟಿದ್ದೇವೆ, ಎಂಜಿನಿಯರುಗಳನ್ನು ಕೊಟ್ಟಿದ್ದೇವೆ. ಭರತನಾಟ್ಯದ ರಂಗಪ್ರವೇಶಗಳನ್ನು, ಕರ್ನಾಟಕ ಸಂಗೀತದ ಕಚೇರಿಗಳನ್ನು ಶ್ರದ್ಧೆಯಿಂದ ನಡೆಸಿದ್ದೇವೆ. ನನ್ನ ಅಕ್ಕಪಕ್ಕದಲ್ಲಿಯೇ ವಾರಾಂತ್ಯದಲ್ಲಿ ಎಪ್ಪತ್ತು ಮೈಲಿ ಕಾರು ಓಡಿಸಿ ಮಕ್ಕಳನ್ನು ವೀಣೆಯ ಪಾಠಕ್ಕೆ ಕರೆದೊಯ್ಯುವ ತಾಯಂದಿರಿದ್ದಾರೆ. ಅವರ ಪರಿಶ್ರಮವನ್ನು ನಾನು ಹಗುರವಾಗಿ ಕಾಣುವವಳಲ್ಲ. ಆದರೆ ಮೂವತ್ತು ವರ್ಷಗಳಿಂದ ನೋಡಿದ ಅಷ್ಟೂ ರಾಜ್ಯೋತ್ಸವ, ದೀಪಾವಳಿ, ಯುಗಾದಿ ಕಾರ್ಯಕ್ರಮಗಳಲ್ಲಿ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ತಾವೇ ಬರೆದ ಹಾಡನ್ನು ಹಾಡಿದ್ದನ್ನು ನಾನು ಕೇಳಿದ್ದು ಇಲ್ಲ. ಅವರು ಹಾಡುವುದೆಲ್ಲ ನಾವು ಕಲಿಸಿದ್ದು. ಮತ್ತು ನಾವು ಕಲಿಸುವುದೆಲ್ಲ ನಮ್ಮ ಯೌವನದ್ದು.

ಇದಕ್ಕೊಂದು ಕಾರಣವನ್ನು ನಾನು ಕಂಡುಕೊಂಡಿದ್ದೇನೆ. ಒಪ್ಪುವುದು ಬಿಡುವುದು ತಮಗೆ ಸೇರಿದ್ದು. ಕವಿ ಬರೆಯುವವನು, ಸ್ವರಸಂಯೋಜಕ ರಾಗ ಹಾಕುವವನು, ಗಾಯಕ ಹಾಡುವವನು ಎಂಬ ಹಂಚಿಕೆಯಲ್ಲಿ ನಮ್ಮ ಪೀಳಿಗೆಯ ಕಿವಿ ಬೆಳೆಯಿತು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದ ಮಹನೀಯರು ನಮ್ಮ ಕವಿಗಳನ್ನು ಮನೆಮನೆಗೂ ಮುಟ್ಟಿಸಿದರು. 1978ರಲ್ಲಿ ಬಂದ 'ನಿತ್ಯೋತ್ಸವ' ಧ್ವನಿಸುರುಳಿಯಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿಯವರ ರಾಗ. 1994ರಲ್ಲಿ ನಾನು ಮದುವೆಯಾಗಿ ಈ ದೇಶಕ್ಕೆ ಬಂದಾಗ ಪೆಟ್ಟಿಗೆಯಲ್ಲಿ ಸೀರೆಗಳ ಮಡಿಕೆಯ ನಡುವೆ ಇದ್ದ ಹನ್ನೊಂದು ಸುರುಳಿಗಳಲ್ಲಿ ಅದೂ ಒಂದು. ಆ ಸುರುಳಿಗಳೇ ಹಲವು ಚಳಿಗಾಲ ನನ್ನನ್ನು ಕಾಪಾಡಿದವು. ಆದರೆ ಹಾಡೆಂದರೆ ಮಹಾಕವಿಯೊಬ್ಬನ ಕೃತಿ, ನಮ್ಮ ಕೆಲಸ ಅದನ್ನು ತಪ್ಪಿಲ್ಲದೆ ಒಪ್ಪಿಸುವುದು ಎಂಬ ನಂಬಿಕೆಯೂ ಅವುಗಳ ಜೊತೆಯಲ್ಲಿಯೇ ನಮ್ಮೊಳಗೆ ಇಳಿಯಿತು.

ಅದಕ್ಕೆ ಮುಂಚೆ ನಮ್ಮ ನಾಡಿನಲ್ಲಿ ಹೀಗಿರಲಿಲ್ಲ. ಬರೆದು, ರಾಗ ಹಾಕಿ, ಹಾಡುವ ಮೂರನ್ನೂ ಒಬ್ಬರೇ ಮಾಡುವುದನ್ನು ಇಂಗ್ಲಿಷಿನವರು ಏನೋ ಹೊಸತೆಂಬಂತೆ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಅದಕ್ಕೆ ವಾಗ್ಗೇಯಕಾರ ಎಂಬ ಶಬ್ದವೇ ಇದೆ. ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಅದರ ಲಕ್ಷಣವನ್ನು ಹೇಳುತ್ತಾನೆ. ಹಾಡಿನ ನುಡಿಗೆ ಮಾತು ಎಂದೂ ಸ್ವರಕ್ಕೆ ಧಾತು ಎಂದೂ ಹೆಸರು. ಎರಡನ್ನೂ ತಾನೇ ರಚಿಸುವವನು ವಾಗ್ಗೇಯಕಾರ. ಸಂಸ್ಕೃತದ ಆ ಪಾರಿಭಾಷಿಕ ಶಬ್ದ ನಮ್ಮ ದಿನಬಳಕೆಯ ಮಾತಿಗೆ ಇಷ್ಟು ಹತ್ತಿರ ಬಂದಿರುವುದು ನನಗೆ ಸದಾ ಒಂದು ಬೆರಗು. ಪುರಂದರದಾಸರು, ಕನಕದಾಸರು ಹಾಡಿಕೊಂಡು ತಿರುಗಿದ್ದು ತಮ್ಮ ಪದಗಳನ್ನೇ. ಶಿಶುನಾಳದ ಶರೀಫರು, 1819ರಿಂದ 1889ರವರೆಗೆ ಬಾಳಿದವರು, ಕಣ್ಣೆದುರಿನ ಮನೆ, ಮಾಳಿಗೆ, ಗುಡುಗುಡಿ, ಇಂಥವನ್ನೇ ಹಿಡಿದು ತಮ್ಮ ಧಾರವಾಡ ಸೀಮೆಯ ಆಡುಮಾತಿನಲ್ಲಿ ಹಾಡು ಕಟ್ಟಿದರು. ಅವರ ವ್ಯಾಕರಣವನ್ನು ಮೈಸೂರಿನ ಪಂಡಿತರೊಬ್ಬರು ಪಕ್ಕದಲ್ಲಿ ಕುಳಿತು ತಿದ್ದಿದ್ದರೆ ಏನಾಗುತ್ತಿತ್ತೋ.

ಶರೀಫರ ಹೆಸರು ಬಂದಾಗ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರನ್ನು ನೆನೆಯದಿರಲಾಗದು. ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಅವರು. ಗಂಡಸಾಗಿ ನಾಟ್ಯ ಕಲಿಯುತ್ತಾನೆಂದು ಹಾಸ್ಯ ಮಾಡಿದ ಸಹಪಾಠಿಯೊಡನೆ ಪಂತ ಕಟ್ಟಿ ಗಿಟಾರನ್ನು ಕೈಗೆತ್ತಿಕೊಂಡರೆಂಬುದು ಅವರೇ ಹೇಳಿಕೊಂಡಿರುವ ಕಥೆ. ಹಲವು ವರ್ಷ ಯಾವ ಧ್ವನಿಮುದ್ರಣ ಸಂಸ್ಥೆಯೂ ಅವರಿಗೆ ಬಾಗಿಲು ತೆರೆಯಲಿಲ್ಲ. ಕೊನೆಗೆ 2008ರಲ್ಲಿ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಅವರ ಮೊದಲ ಆಲ್ಬಮ್ಮನ್ನು ಹೊರತಂದಿತು. ಅದರಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇದ್ದವು. ಶರೀಫರ ಪದಗಳೂ ಇದ್ದವು. 2010ರಲ್ಲಿ ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. 2011ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರು. ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಅವರದಾಯಿತು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರು ಹಿಡಿದು ನಿಂತ ಆ ಮನುಷ್ಯನನ್ನು ದೂರದರ್ಶನದಲ್ಲಿ ನೋಡಿ ನನ್ನ ಹನ್ನೆರಡು ವರ್ಷದ ಮಗಳು "ಅಮ್ಮಾ, ಇವರು ನಿಮ್ಮ ಮೈಸೂರಿನವರಾ?" ಎಂದು ಕೂಗಿದಳು. ನಮ್ಮ ಎಂದಿರಲಿಲ್ಲ, ನಿಮ್ಮ ಎಂದಿದ್ದಳು. ನಾನು ಆಗ ಅದನ್ನೂ ತಿದ್ದಿದೆ.

ಆಮೇಲೆ ಅವಳೂ ಗಿಟಾರು ಬೇಕೆಂದಳು. ಯಜಮಾನರು ತಂದುಕೊಟ್ಟರು.

ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. 2013ರ ಶರತ್ಕಾಲ, ಅವಳಿಗೆ ಹದಿನೈದು. ಮಹಡಿಯ ಕೋಣೆಯಿಂದ ಇಳಿದು ಬಂದು, ನಾನು ಅಡಿಗೆಮನೆಯಲ್ಲಿ ಹುರಿಯುತ್ತಿದ್ದ ಸಾರಿನ ಪುಡಿಯ ಘಾಟಿಗೆ ಕೆಮ್ಮುತ್ತಲೇ, ಒಂದು ಹಾಡು ಕೇಳಿಸುತ್ತೇನೆ ಎಂದಳು. ಹೆಚ್ಚಿನ ಸಾಲುಗಳು ಇಂಗ್ಲಿಷಿನವು. ನಡುನಡುವೆ ಮರಳಿ ಬರುವ ಪಲ್ಲವಿ ಕನ್ನಡದ್ದು. 'ಫೋನಿನ ಒಳಗೆ ಅಜ್ಜಿ ಇದೆ, ಗಾಜಿನ ಹೊರಗೆ ಮಳೆ ಇದೆ' ಎಂದು ಅದರ ಆರಂಭ. ಮೈಸೂರಿನ ಸರಸ್ವತೀಪುರದಲ್ಲಿದ್ದ ನನ್ನ ತಾಯಿ ಪ್ರತಿ ಭಾನುವಾರ ನಮ್ಮೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದರು. ಮೊಮ್ಮಗಳಿಗೆ ಅಜ್ಜಿಯೆಂದರೆ ಬಹುಮಟ್ಟಿಗೆ ಆ ದನಿಯೇ. ಹಾಡು ಮುಗಿದ ಮೇಲೆ ನಾನು ಹೇಳಿದ ಮೊದಲ ಮಾತು ಇದು: "ಅಜ್ಜಿ ಇದೆ ಎನ್ನಬಾರದಮ್ಮ. ಅಜ್ಜಿ ಇದ್ದಾರೆ ಎನ್ನಬೇಕು." ಆಮೇಲೆ ಗಾಜು ಎಂಬಲ್ಲಿ ಕಿಟಕಿ ಎಂದರೆ ಚೆನ್ನಾಗಿರುತ್ತದೆಂದೂ ಸೇರಿಸಿದೆ. ಮಹಾರಾಣಿ ಕಾಲೇಜಿನಲ್ಲಿ ಮೂರು ವರ್ಷ ಕನ್ನಡವನ್ನು ಐಚ್ಛಿಕವಾಗಿ ಓದಿದವಳ ಕರ್ತವ್ಯಪ್ರಜ್ಞೆ! ಅವಳು ಒಮ್ಮೆ 'ಇದ್ದಾರೆ' ಎಂದು ಹಾಡಿ ನೋಡಿದಳು. ತಾಳ ಕೂಡಲಿಲ್ಲ, ಪ್ರಾಸ ಮುರಿಯಿತು. ಸರಿ ಎಂದು ಮಹಡಿಗೆ ಹೋದಳು. ಮರುವರ್ಷ ಪರೀಕ್ಷೆಯ ಹೊತ್ತಿಗೆ ಗಿಟಾರನ್ನು ನಾನೇ ಅಟ್ಟದಲ್ಲಿಟ್ಟೆ. ಜೋನ್ ಆರ್ಮಟ್ರೇಡಿಂಗರ ತಂದೆಯ ವಿಷಯವನ್ನು ಓದಿದಾಗ ಅವರನ್ನು ದೂರುವ ಧೈರ್ಯ ನನಗೆ ಬರಲಿಲ್ಲ.

2017ರಲ್ಲಿ ನನ್ನ ತಾಯಿ ತೀರಿಕೊಂಡರು. ಊರಿಗೆ ಹೋಗಿ ಕಾರ್ಯಗಳನ್ನು ಮುಗಿಸಿ ಹಿಂತಿರುಗಿದ ಮೊದಲ ಭಾನುವಾರ, ಹನ್ನೊಂದು ಗಂಟೆಗೆ ದೂರವಾಣಿಯ ಬಳಿ ಸುಮ್ಮನೆ ಕುಳಿತಿದ್ದಾಗ ಆ ಪಲ್ಲವಿ ಹೊಳೆಯಿತು. ಫೋನಿನ ಒಳಗೆ ಅಜ್ಜಿ ಇದೆ. ನಾಲ್ಕು ಸಾವಿರ ಮೈಲಿಗಳಿಗಿಂತ ದೂರದಿಂದ ಹನ್ನೆರಡು ನಿಮಿಷ ಕೇಳಿಸುವ, ಮುಟ್ಟಲಾಗದ, ಗುಂಡಿ ಒತ್ತಿದರೆ ನಿಂತುಹೋಗುವ ಅಜ್ಜಿಗೆ ಆ ಮಗು ನಪುಂಸಕಲಿಂಗವನ್ನು ಬಳಸಿದ್ದು ಅಜ್ಞಾನದಿಂದಲೇ ಇರಬಹುದು. ಆದರೆ ಅದನ್ನು ನಾನು ಆಗ ಕೇಳಿಸಿಕೊಂಡಿರಲೇ ಇಲ್ಲ. ಲೀಡ್ಸ್‌ನಲ್ಲಿ ಓದುತ್ತಿದ್ದ ಮಗಳಿಗೆ ಕರೆಮಾಡಿ, ಆ ಹಾಡನ್ನು ಒಮ್ಮೆ ಹಾಡು ಎಂದೆ. "ಯಾವ ಹಾಡಮ್ಮ?" ಎಂದಳು. ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಮರೆತುಹೋಗಿದೆ, ಎಲ್ಲೂ ಬರೆದಿಟ್ಟಿಲ್ಲ" ಎಂದಳು. ನನಗೂ ನೆನಪಿರುವುದು ಆ ಒಂದು ಸಾಲು ಮಾತ್ರ, ಅದೂ ನಾನು ತಿದ್ದಿದ್ದರಿಂದ.

ಈಗ ಅವಳು ಮ್ಯಾಂಚೆಸ್ಟರಿನಲ್ಲಿ ಉದ್ಯೋಗದಲ್ಲಿದ್ದಾಳೆ. ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಸಣ್ಣ ಸಭಾಂಗಣಗಳಲ್ಲಿ, ಪಬ್ಬುಗಳ ಮಹಡಿಯ ಕೋಣೆಗಳಲ್ಲಿ ತನ್ನ ಹಾಡುಗಳನ್ನು ಹಾಡುತ್ತಾಳೆ. ನಾನೂ ಯಜಮಾನರೂ ಒಮ್ಮೆ ಹೋಗಿದ್ದೆವು. ನಲವತ್ತು ಜನರಿದ್ದಿರಬಹುದು, ಇಬ್ಬರು ಬಿಟ್ಟರೆ ಎಲ್ಲರೂ ನಮ್ಮ ವಯಸ್ಸಿನ ಅರ್ಧದವರು. ಯಜಮಾನರು ಕಿತ್ತಳೆಯ ರಸ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಹಾಡುಗಳು ಚೆನ್ನಾಗಿದ್ದವು, ತಾಯಿಯ ಪಕ್ಷಪಾತವನ್ನು ಕಳೆದು ಹೇಳಿದರೂ ಚೆನ್ನಾಗಿದ್ದವು. ಅವುಗಳಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಹಾಡಿ ಹೊಟ್ಟೆ ತುಂಬುವುದೇ ಎಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆ ಸಣ್ಣದಲ್ಲ. ಬ್ರಿಟನ್ನಿನ ಸಣ್ಣ ಸಂಗೀತ ತಾಣಗಳ ಹಿತ ಕಾಯುವ ಟ್ರಸ್ಟಿನ ಲೆಕ್ಕದಂತೆ 2023ನೆಯ ಒಂದೇ ವರ್ಷದಲ್ಲಿ ಅಂಥ 125 ತಾಣಗಳು ಸಂಗೀತವನ್ನು ನಿಲ್ಲಿಸಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಬರ್ಮಿಂಗ್‌ಹ್ಯಾಮ್ ನಗರಸಭೆ ತಾನು ದಿವಾಳಿಯಾದೆನೆಂದು ಸಾರಿ, ಮುಂದೆ ಕಲಾಸಂಸ್ಥೆಗಳ ಅನುದಾನವನ್ನು ಮೊದಲು ಅರ್ಧಕ್ಕೆ ಇಳಿಸಿ ಬಳಿಕ ಪೂರ್ತಿ ನಿಲ್ಲಿಸುವ ತೀರ್ಮಾನಕ್ಕೆ ಬಂತು. ಹಾಡುವುದೇ ವೃತ್ತಿಯಾಗಲಿ ಎಂದು ನಾನು ಯಾರ ಮಕ್ಕಳಿಗೂ ಹೇಳಲಾರೆ. ನನ್ನ ಮಗಳಿಗೂ ಹೇಳಿಲ್ಲ. ಆದರೆ ವೀಣೆ ಕಲಿಸುವಾಗ, ನಾಟ್ಯ ಕಲಿಸುವಾಗ ಹೊಟ್ಟೆಯ ಪ್ರಶ್ನೆಯನ್ನು ನಾವು ಎತ್ತುವುದಿಲ್ಲವಲ್ಲ! ಸ್ವಂತದ ಹಾಡಿಗೆ ಮಾತ್ರ ಏಕೆ ಎತ್ತುತ್ತೇವೆ? ನಗರ ತನ್ನ ಕೈಯನ್ನು ಹಿಂತೆಗೆದುಕೊಳ್ಳುತ್ತಿರುವ ಈ ಕಾಲದಲ್ಲಿ, ತಳ್ಳುಗಾಡಿಯನ್ನು ಕೊಟ್ಟ ತಾಯಿಯಷ್ಟಾದರೂ ನಮ್ಮ ಸಂಘಗಳು ಮಾಡಬೇಡವೇ?

ಇನ್ನೊಂದು ಆಕ್ಷೇಪ ಭಾಷಾಶುದ್ಧಿಯದು. ತಪ್ಪು ಕನ್ನಡವನ್ನು ವೇದಿಕೆಗೆ ತಂದರೆ ಮುಂದಿನ ಮಕ್ಕಳು ಅದನ್ನೇ ಕಲಿಯುತ್ತಾರೆ ಎಂದು ನಮ್ಮ ಕನ್ನಡ ತರಗತಿಯ ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ಲಕಾರ ಳಕಾರಗಳ ವ್ಯತ್ಯಾಸ ಅಳಿಯುವುದನ್ನು ಕೇಳಿದರೆ ನನಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಭಾನುವಾರದ ತರಗತಿಯಲ್ಲಿ ಧಾರಾಳವಾಗಿ ತಿದ್ದೋಣ. ಆದರೆ ಮಗು ತಾನಾಗಿ ಕನ್ನಡದಲ್ಲಿ ಏನನ್ನೋ ಹೇಳಲು ಹೊರಟ ಆ ಒಂದು ಗಳಿಗೆಯಲ್ಲಿ ಮೊದಲು ಏನು ಹೇಳಿತೆಂದು ಕೇಳಿಸಿಕೊಳ್ಳೋಣ. ತಿದ್ದುವುದು ಮರುದಿನಕ್ಕೂ ಆದೀತು. ನಾನು ಒಂದು ದಿನ ಕಾಯಲಿಲ್ಲ.

ಆದ್ದರಿಂದ ಸಮ್ಮೇಳನದ ಪದಾಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ. ನಮ್ಮ ಕಾರ್ಯಕ್ರಮ ಪಟ್ಟಿಯ ರಚನೆ ಎಲ್ಲರಿಗೂ ಗೊತ್ತಿರುವಂಥದೇ. ಬೆಂಗಳೂರಿನಿಂದ ಬರುವ ಪ್ರಸಿದ್ಧ ಗಾಯಕರಿಗೆ ರಾತ್ರಿಯ ಮುಖ್ಯ ವೇದಿಕೆ. ಮಕ್ಕಳಿಗೆ ಬೆಳಗಿನ ಹೊತ್ತು, ತಲಾ ಏಳೆಂಟು ನಿಮಿಷ, ಅರ್ಧ ಸಭೆ ಉಪಾಹಾರದ ಸಾಲಿನಲ್ಲಿರುವಾಗ. ಪ್ರಸಿದ್ಧರು ಬರಲಿ, ಅವರನ್ನು ಕೇಳಲು ನಾನೂ ಮುಂದಿನ ಸಾಲಿಗೇ ನುಗ್ಗುವವಳು. ಆದರೆ ಅವರಿಗೆ ಮುಂಚೆ, ದೀಪಗಳು ಆರಿ ಸಭೆ ತುಂಬಿರುವಾಗ, ಅರ್ಧ ಗಂಟೆಯನ್ನು ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಾಲ್ಕೈದು ಮಕ್ಕಳ ಸ್ವಂತ ಹಾಡುಗಳಿಗೆ ಕೊಡಬೇಕು. ಸ್ಪರ್ಧೆ ಬೇಡ, ತೀರ್ಪುಗಾರರು ಬೇಡ, ಫಲಕ ಬೇಡ, ಹಾಡಿನ ಮೊದಲು ತಂದೆ ತಾಯಿಯರ ಉದ್ಯೋಗವನ್ನು ಒಳಗೊಂಡ ಪರಿಚಯ ಭಾಷಣ ಖಂಡಿತ ಬೇಡ. ಹಾಡು ಇಂಗ್ಲಿಷಿನಲ್ಲಿದ್ದರೂ ಇರಲಿ, ಬೆರಕೆಯಾಗಿದ್ದರೂ ಇರಲಿ. ಗಿಟಾರಿಗೆ ಸರಿಯಾದ ಧ್ವನಿವರ್ಧಕವೊಂದನ್ನು ಮಾತ್ರ ಒದಗಿಸಬೇಕು. ಕಳೆದ ಸಲ ಒಬ್ಬ ಹುಡುಗ ನುಡಿಸಿದ್ದು ಎರಡನೆಯ ಸಾಲಿಗೂ ಕೇಳಿಸಲಿಲ್ಲ. ರಾತ್ರಿಯ ಮುಖ್ಯ ಗಾಯಕರಲ್ಲಿ ಒಬ್ಬರು ಆ ಮಕ್ಕಳೊಡನೆ ಮಧ್ಯಾಹ್ನ ಒಂದು ಗಂಟೆ ಕುಳಿತು ಮಾತನಾಡುವಂತೆ ಒಪ್ಪಿಸಿದರೆ ಇನ್ನೂ ಒಳ್ಳೆಯದು.

ಮುಂದಿನ ಸಮ್ಮೇಳನಕ್ಕೆ ಎರಡು ವರ್ಷಗಳಿವೆ. ಹಾಡು ಕಟ್ಟಲು ಸಾಕಷ್ಟು ಕಾಲ. ಈ ಲೇಖನವನ್ನು ಕಳುಹಿಸುವ ಮುನ್ನ ಮಗಳಿಗೆ ದೂರವಾಣಿಯಲ್ಲಿಯೇ ಓದಿ ಹೇಳಿದೆ. ಅವಳ ಒಪ್ಪಿಗೆಯಿಲ್ಲದೆ ಅವಳ ಸಾಲನ್ನು ಅಚ್ಚಿಗೆ ಕೊಡುವುದು ಸರಿಯಲ್ಲವಲ್ಲ. ಪೂರ್ತಿ ಕೇಳಿಸಿಕೊಂಡಳು. ಒಂದೆರಡು ಕಡೆ ನಕ್ಕಳು. ಅಚ್ಚು ಹಾಕಿಸು ಎಂದಳು. ಕೊನೆಯಲ್ಲಿ, "ಅಮ್ಮಾ, ಅದು 'ಗಾಜಿನ ಹೊರಗೆ' ಅಲ್ಲ, 'ಗಾಜಿನ ಮೇಲೆ' ಅಂತ ಇತ್ತು ಅನ್ನಿಸುತ್ತೆ" ಎಂದಳು. ಮರೆತುಹೋಗಿದೆ ಎಂದಿದ್ದೆಯಲ್ಲ ಎಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ಎರಡನೆಯ ಸಾಲು ಏನಿತ್ತು ಎಂದು ಮಾತ್ರ ಕೇಳಿದೆ. ನೋಡುತ್ತೇನೆ ಎಂದಿದ್ದಾಳೆ.